ಹದಿನೆಂಟನೆಯ ಶತಮಾನದಲ್ಲಿ ಸಿಕ್ಕಿಬಿದ್ದ ನಮ್ಮ ಭಾವ

ನಮ್ಮ ಭಾವನ ವಯಸ್ಸೆಷ್ಟು ಎಂದು ಕೇಳಬೇಡಿ, ನನಗೆ ಸರಿಯಾಗಿ ಗೊತ್ತಿಲ್ಲ. ಅವರು ಯಾವ ಶತಮಾನದಲ್ಲಿದ್ದಾರೆ ಎಂದು ಕೇಳಿ, ಕೂಡಲೇ ಹೇಳುತ್ತೇನೆ. ಸದ್ಯಕ್ಕೆ ಹದಿನೆಂಟು! ಹೋದ ವರ್ಷ ಹದಿನಾರರಲ್ಲಿದ್ದರು. ನಡುವೆ ಹದಿನೇಳರಲ್ಲಿ ಕೆಲವು ತಿಂಗಳು ತಂಗಿದ್ದರು. ನಾವೆಲ್ಲ ಅರಬರ ನಾಡಿನ ಖಮೀಸ್ ಮುಶೈತ್ ಎಂಬ ಊರಿನ ಒಂದೇ ಕಟ್ಟಡದಲ್ಲಿದ್ದೇವೆ, ಅವರು ಕೆಳಗೆ, ನಾವು ಮೇಲೆ. ಆದರೆ ನಮ್ಮ ಮಧ್ಯೆ ಇರುವುದು ಒಂದು ಮಹಡಿಯ ಮೆಟ್ಟಿಲಲ್ಲ, ಮುನ್ನೂರು ವರ್ಷ.

ಭಾವ ಎಂದರೆ ನನ್ನ ಗಂಡನ ಅಣ್ಣ. ವಾಹನ ತಪಾಸಣಾ ಕೇಂದ್ರದಲ್ಲಿ ಎಂಜಿನಿಯರ್. ಕಾರಿನ ಕೆಳಗೆ ತಲೆ ಹಾಕಿ ನೋಡದೆ ಯಾವ ಗಾಜಿಗೂ ಪಾಸ್ ಸ್ಟಿಕ್ಕರ್ ಅಂಟಿಸಿದವರಲ್ಲ. ಮದುವೆಯಾಗಲಿಲ್ಲ, ಊಟ ನಮ್ಮ ಮನೆಯಲ್ಲೇ. "ನೋಡ್ಲಿಕ್ಕೆ ಹೋದ ಹುಡುಗಿಯರ ತಪಾಸಣೆ ಮುಗೀಲೇ ಇಲ್ಲ" ಎನ್ನುತ್ತಾರೆ ನಮ್ಮವರು. "ಎಂತ ಇಲ್ಲ, ನಾನೇ ಎಲ್ಲ ಕಡೆ ಫೇಲ್ ಆದದ್ದು" ಎನ್ನುತ್ತಾರೆ ಭಾವ.

ನಮ್ಮದು ಪ್ರೊಟೆಸ್ಟೆಂಟ್ ಮನೆತನ. ಕರಾವಳಿಯ ಕ್ರೈಸ್ತರಲ್ಲಿ ನಾವು ಸಾರಿಗೆ ಉಪ್ಪಿನಷ್ಟು. ಜರ್ಮನ್ ಪಾದ್ರಿಗಳು ನಮ್ಮ ಅಜ್ಜಂದಿರಿಗೆ ಹೆಂಚು ಸುಡುವುದನ್ನೂ ಗಡಿಯಾರ ನೋಡುವುದನ್ನೂ ಒಟ್ಟಿಗೆ ಕಲಿಸಿದರು. ಹೆಂಚಿನ ಕಾರ್ಖಾನೆಗಳು ಮುಚ್ಚಿದವು, ಗಡಿಯಾರ ಮಾತ್ರ ನನ್ನ ರಕ್ತದಲ್ಲಿ ಉಳಿಯಿತು. ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದೆ, ನರ್ಸಿಂಗ್ ಶಾಲೆಯ ಗಂಟೆಗೆ ಮಲಗಿದೆ. ಈಗ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಮೇಲ್ವಿಚಾರಕಿ. ನನ್ನ ವಾರ್ಡಿನಲ್ಲಿ ಔಷಧ ತಡವಾಗುವುದಿಲ್ಲ, ಟ್ರಾಲಿ ಕಾಯುವುದಿಲ್ಲ. ಮನೆಯಲ್ಲೂ ಹಾಗೆಯೇ. ಶನಿವಾರ ಇಡ್ಲಿ, ಶುಕ್ರವಾರ ಪ್ರಾರ್ಥನೆ. ಇಲ್ಲಿ ಚರ್ಚಿಲ್ಲ, ರಜೆ ಶುಕ್ರವಾರವೇ. ಹಾಗಾಗಿ ಪ್ರಾರ್ಥನೆ ಎಂದರೆ ನಮ್ಮ ಹಜಾರದಲ್ಲಿ ನಾಲ್ಕಾರು ಜನ ಕೂತು ಮೆಲ್ಲಗೆ ಹಾಡಿ, ಓದಿ, ಎದ್ದು ಊಟ ಮಾಡುವುದು. ನಡೆಸುವವರು ಭಾವ, ಹಿರಿಯರು ಎಂಬ ಒಂದೇ ಕಾರಣಕ್ಕೆ.

ಈ ವ್ಯವಸ್ಥೆಗೆ ಕಲ್ಲು ಬಿದ್ದದ್ದು ಭಾವ ತಮ್ಮ ಟ್ಯಾಬಿಗೆ ಕ್ರೈಸ್ತ ಧರ್ಮದ ಇತಿಹಾಸದ ಒಂದು ದೊಡ್ಡ ಪುಸ್ತಕ ಇಳಿಸಿಕೊಂಡಾಗ. ಎಲ್ಲರೂ ಪುಸ್ತಕ ಓದುತ್ತಾರೆ. ಭಾವ ಅದರೊಳಗೆ ಸಂಸಾರ ಹೂಡುತ್ತಾರೆ! ಯಾವ ಅಧ್ಯಾಯ ಓದುತ್ತಿದ್ದಾರೋ ಆ ಅಧ್ಯಾಯದವರೇ ಆಗಿಬಿಡುತ್ತಾರೆ.

ಮೊದಲು, ಚರ್ಚಿನ ಬಾಗಿಲಿಗೆ ಆಕ್ಷೇಪಗಳ ಪಟ್ಟಿ ಬಡಿದ ಜರ್ಮನ್ ಸನ್ಯಾಸಿಯ ಅಧ್ಯಾಯ. ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಫ್ರಿಜ್ಜಿನ ಬಾಗಿಲ ಮೇಲೆ ಮ್ಯಾಗ್ನೆಟ್ ಹಾಕಿ ಒಂದು ಕಾಗದ! 'ಇಡ್ಲಿಯನ್ನು ಶನಿವಾರ ಮಾತ್ರ ಮಾಡಬೇಕೆಂದು ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಇಲ್ಲ' ಎಂಬುದು ಮೊದಲನೆಯ ಆಕ್ಷೇಪ. ನಾನು ಡ್ಯೂಟಿ ಚಾರ್ಟಿಗೆ ಮಾಡುವ ಹಾಗೆ ಕೆಳಗೆ 'ನೋಡಿದೆ' ಎಂದು ಸಹಿ ಹಾಕಿ ಕೆಲಸಕ್ಕೆ ಹೋದೆ. ಆ ಸಂಜೆ ಭಾವ ಪಾತ್ರೆ ತೊಳೆಯುವ ತಮ್ಮ ಪಾಳಿಯನ್ನೂ ತಪ್ಪಿಸಿದರು.

"ಮನುಷ್ಯನಿಗೆ ಅವನ ಕ್ರಿಯೆಗಳಿಂದ ರಕ್ಷಣೆ ಇಲ್ಲ ಮಾರಾಯ್ತಿ. ನಂಬಿಕೆಯೊಂದೇ ಸಾಕು."

ಸರಿ ಎಂದು ರಾತ್ರಿ ಅವರ ಮುಂದೆ ಖಾಲಿ ತಟ್ಟೆ ಇಟ್ಟೆ.

"ಇದೆಂತದು? ಅನ್ನ ಎಲ್ಲಿ?"

"ನಂಬಿ ಭಾವ, ಉಂಟು ಅಂತ ನಂಬಿ!"

ಪಾತ್ರೆಗಳು ಅಂದೇ ತೊಳೆಯಲ್ಪಟ್ಟವು. ಯುರೋಪಿನಲ್ಲಿ ಈ ಜಗಳಕ್ಕೆ ನೂರು ವರ್ಷಕ್ಕೂ ಮೇಲೆ ಯುದ್ಧವಾಯಿತಂತೆ. ಅಲ್ಲಿ ಊಟ ಬಡಿಸುವವರನ್ನು ಯಾರೂ ಕೇಳಲಿಲ್ಲ ಎಂದು ಕಾಣುತ್ತದೆ.

ಪಕ್ಕದ ಫ್ಲ್ಯಾಟಿನಲ್ಲಿ ನನ್ನದೇ ವಾರ್ಡಿನ ನರ್ಸ್ ಒಬ್ಬಳಿದ್ದಾಳೆ, ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕ್. ಊರಲ್ಲಿ ಅವರ ಹೆಂಗಸರನ್ನು ಕರೆಯುವ ಹಾಗೆ ನಾವೂ ಅವಳನ್ನು 'ಬಾಯಿ' ಎನ್ನುತ್ತೇವೆ. ಜೊತೆ ಬೇಕೆಂದು ನಮ್ಮ ಶುಕ್ರವಾರದ ಪ್ರಾರ್ಥನೆಗೆ ಬರುತ್ತಾಳೆ, ಬರುವಾಗ ಬಂಗುಡೆ ಮೀನಿನ ಗಸಿ ತರುತ್ತಾಳೆ. ಹದಿನಾರನೆಯ ಶತಮಾನದ ಭಾವ ಅವಳನ್ನು ಬಿಟ್ಟಾರೆಯೆ?

"ದೇವರ ಹತ್ರ ಮಾತಾಡ್ಲಿಕ್ಕೆ ಮಧ್ಯೆ ಸಂತರು ಎಂತಕ್ಕೆ?"

"ಅಂಕಲ್, ಇಲ್ಲಿ ಇರ್ಲಿಕ್ಕೆ ಪರವಾನಗಿ ಉಂಟಲ್ಲ, ಇಕಾಮಾ, ಅದು ನವೀಕರಣ ಆಗ್ಬೇಕಾದ್ರೆ ನೀವು ಸೀದಾ ಕೆಲಸ ಕೊಟ್ಟ ಧಣಿಗೆ, ಕಫೀಲನಿಗೆ, ಫೋನ್ ಮಾಡ್ತೀರಾ? ಆಫೀಸಿನಲ್ಲಿ ಪರಿಚಯದವರನ್ನು ಹಿಡಿಯುವುದಿಲ್ವಾ?"

ಭಾವ ಎದೆಯುಬ್ಬಿಸಿ ಹೇಳಿದರು: "ನನ್ನ ಕಫೀಲ್ ಫೋನು ತಾನೇ ಎತ್ತುತ್ತಾನೆ!"

ಹೇಳಿ, ಇಂಥವರೊಡನೆ ವಾದ ಮಾಡುವುದು ಹೇಗೆ?

ಮುಂದಿನ ಅಧ್ಯಾಯದಲ್ಲಿ, ಯಾರು ಉದ್ಧಾರವಾಗಬೇಕು ಎಂಬುದು ಹುಟ್ಟುವ ಮೊದಲೇ ತೀರ್ಮಾನವಾಗಿದೆ ಎನ್ನುವವರು ಬಂದರು. ಭಾವ ಅದನ್ನು ತಪಾಸಣಾ ಕೇಂದ್ರಕ್ಕೂ ಒಯ್ದರು. ಹಳೆಯ ಪಿಕಪ್ ತಂದ ಒಬ್ಬ ಸ್ಥಳೀಯ ಅಜ್ಜ, "ನನ್ನ ಗಾಡಿ ಪಾಸಾದೀತೇ?" ಎಂದು ಕೇಳಿದರಂತೆ. "ಅದು ಎಂದೋ ನಿರ್ಧಾರವಾಗಿ ಹೋಗಿದೆ" ಎಂದರು ಭಾವ, ಅರಬಿಯಲ್ಲಿ, ಗಂಭೀರವಾಗಿ. ಅಜ್ಜ ಭಾವನ ಬೆನ್ನು ತಟ್ಟಿ ನಕ್ಕರಂತೆ. "ನಿಜ ಮಗನೇ, ಎಲ್ಲ ಮೊದಲೇ ಬರೆದದ್ದು. ಬ್ರೇಕ್ ಮಾತ್ರ ನೀನು ನೋಡಬೇಕು. ಯಲ್ಲಾ, ಬೇಗ ಹೊರಡು!" ಭಾವ ಕೆಳಗೆ ಬಗ್ಗಿ ಬ್ರೇಕ್ ನೋಡಿದರು. ಆ ಅಧ್ಯಾಯ ಅವರು ಬೇಗ ಮುಗಿಸಿದರು.

ಆಮೇಲೆ ಬಂದದ್ದು ಹೃದಯದ ಭಕ್ತಿಯ ಅಧ್ಯಾಯ. ಸಿದ್ಧಾಂತ ಒಣಗಿದ ಮೀನು, ಕಣ್ಣೀರೇ ಧರ್ಮ ಎಂದವರ ಕಾಲ. ಭಾವ ಹಾಡುವಾಗ ಅತ್ತರು, ಓದುವಾಗ ಅತ್ತರು, ಅಭಾ ರಸ್ತೆಯ ತಿರುವಿನಲ್ಲಿ ಮರಿ ಹೊತ್ತ ಕೋತಿಯನ್ನು ಕಂಡು ಕಾರು ನಿಲ್ಲಿಸಿ ಅತ್ತರು. ನಾನು ಟಿಶ್ಯೂ ಪೆಟ್ಟಿಗೆಗಳನ್ನು ಡಜನ್ ಲೆಕ್ಕದಲ್ಲಿ ತರಿಸಿದೆ. ಅದರ ಬೆನ್ನಿಗೇ ಇಂಗ್ಲೆಂಡಿನ ಕ್ರಮಬದ್ಧ ಭಕ್ತರು ಬಂದರು ನೋಡಿ! ನಸುಕಿಗೆ ಏಳಬೇಕು, ಗಂಟೆಗೊಂದು ಕೆಲಸ, ಕೆಲಸಕ್ಕೊಂದು ಗಂಟೆ. ಭಾವ ವೇಳಾಪಟ್ಟಿ ಬರೆದು ನನಗೇ ತೋರಿಸಿದರು. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಧರ್ಮಕ್ಕೆ ಸೇರಿದವರು ಎಂದು ನನಗೆ ಅನಿಸಿದ್ದು ಆಗ ಮಾತ್ರ. ಆ ಅಧ್ಯಾಯವನ್ನು ಅಷ್ಟು ಚಿಕ್ಕದಾಗಿ ಬರೆದವರನ್ನು ನಾನು ಕ್ಷಮಿಸಲಾರೆ.

ಯಾಕೆಂದರೆ ಪುಟ ತಿರುಗಿಸಿದರೆ ಹದಿನೆಂಟನೆಯ ಶತಮಾನದ ವಿಚಾರವಾದಿಗಳು ಕೂತಿದ್ದರು, ದಂಡು ದಂಡಾಗಿ. ಅವರ ಪ್ರಕಾರ ದೇವರು ಗಡಿಯಾರ ಮಾಡುವವನು. ಜಗತ್ತೆಂಬ ಗಡಿಯಾರ ಮಾಡಿ, ಕೀಲಿ ಕೊಟ್ಟು, ಹೊರಟು ಹೋದ. ಅದು ತನ್ನಷ್ಟಕ್ಕೆ ನಡೆಯುತ್ತದೆ. ಅವನನ್ನು ಕೂಗಿ ಪ್ರಯೋಜನವಿಲ್ಲ, ಪವಾಡಗಳಿಗೆ ಪುರಾವೆ ಇಲ್ಲ. ನನಗೆ ಗಡಿಯಾರದ ಮೇಲೆ ಗೌರವವಿದೆ, ಆದರೆ ಇದು ಅತಿಯಾಯಿತು!

ಆ ಶುಕ್ರವಾರ ಓದಿದ್ದು ಐದು ರೊಟ್ಟಿ, ಎರಡು ಮೀನಿನಿಂದ ಸಾವಿರಾರು ಜನ ಉಂಡ ಕಥೆ. ಭಾವ ಟ್ಯಾಬ್ ಕೆಳಗಿಟ್ಟರು.

"ಇದರಲ್ಲಿ ಪವಾಡ ಎಂತದೂ ಇಲ್ಲ. ಎಲ್ಲರೂ ಮನೆಯಿಂದ ಬುತ್ತಿ ತಂದಿದ್ರು, ಅಡಗಿಸಿ ಇಟ್ಟುಕೊಂಡಿದ್ರು. ಒಬ್ಬ ತೆಗೆದದ್ದು ನೋಡಿ ನಾಚಿಕೆಯಾಗಿ ಉಳಿದವರೂ ತೆಗೆದ್ರು. ಅಷ್ಟೆ."

ಬಾಯಿ ಕೂತಲ್ಲಿಂದಲೇ ತನ್ನ ಬಂಗುಡೆ ಗಸಿಯ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡಳು. "ಹಾಗಾದ್ರೆ ಅಂಕಲ್, ಇವತ್ತು ನಿಮ್ಮ ಬುತ್ತಿ ಎಲ್ಲಿ? ತೆಗೀರಿ, ನೋಡುವ!"

ಅಂದು ಭಾವ ಉಂಡದ್ದು ಬರೀ ಮೊಸರು, ಅಂಗಡಿಯ ಖುಬ್ಬೂಸ್ ರೊಟ್ಟಿ. ಆದರೂ ಶತಮಾನ ಬದಲಾಗಲಿಲ್ಲ.

ಇಷ್ಟರವರೆಗೆ ಎಲ್ಲ ತಮಾಷೆ. ಅಷ್ಟರಲ್ಲಿ ನಮ್ಮವರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯತೊಡಗಿತು. ಪರೀಕ್ಷೆಗಳಾದವು. ಮೂರು ಕಡೆ ರಕ್ತನಾಳ ಕಟ್ಟಿಕೊಂಡಿದೆ, ಬರುವ ವಾರವೇ ಬೈಪಾಸ್ ಎಂದರು ಡಾಕ್ಟರು. ನಮ್ಮವರು ಧೈರ್ಯಸ್ಥರು, ಕೇಳಿದ್ದು ಒಂದೇ ಮಾತು: "ಅಣ್ಣ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಲಿ. ಆಮೇಲೆ ಹೋಗುವ."

ನಮ್ಮ ಮನೆತನದಲ್ಲಿ ಅದು ಪದ್ಧತಿ. ಪರೀಕ್ಷೆಗೆ ಹೋಗುವಾಗ, ಮದುವೆಗೆ ಹೊರಡುವಾಗ, ಪರದೇಶಕ್ಕೆ ವಿಮಾನ ಹತ್ತುವಾಗ, ಮನೆಯ ಹಿರಿಯರು ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ನಾಲ್ಕು ಮಾತು ಬೇಡಿಕೊಳ್ಳಬೇಕು. ಮಾವ ತೀರಿಕೊಂಡ ಮೇಲೆ ನಮ್ಮವರಿಗೆ ಆ ಕೈ ಎಂದರೆ ಅಣ್ಣನ ಕೈಯೇ. ಆದರೆ ಅಣ್ಣ ಇರುವುದು ಹದಿನೆಂಟನೆಯ ಶತಮಾನದಲ್ಲಿ!

ನಾನು ಕೆಳಗಿಳಿದು ಹೋಗಿ ವಿಷಯ ಹೇಳಿದೆ. ಭಾವ ಟ್ಯಾಬನ್ನು ಮೇಜಿನ ಮೇಲೆ ಮಗುಚಿಟ್ಟರು.

"ಬೇಡಿಕೊಂಡ್ರೆ ದೇವರು ನಿಯಮ ಬದಲಿಸ್ತಾನೆ ಅಂತ ನಂಗೀಗ ಅನಿಸುವುದಿಲ್ಲ ಮಾರಾಯ್ತಿ. ಅನಿಸದ್ದನ್ನು ಅವನ ತಲೆ ಮೇಲೆ ಕೈಯಿಟ್ಟು ಹೇಗೆ ಹೇಳುವುದು?"

"ಅಧ್ಯಾಯ ಮುಗೀಲಿಕ್ಕೆ ಇನ್ನೆಷ್ಟು ಉಂಟು?"

"ಇನ್ನೂರು ಪುಟ ಇರಬಹುದು."

ಬರುವ ವಾರ ಆಪರೇಷನ್, ವಿಚಾರವಾದ ಮುಗಿಯಲು ಇನ್ನೂರು ಪುಟ! ಜೀವಮಾನವಿಡೀ ಡ್ಯೂಟಿ ಹಂಚಿದವಳು ನಾನು. ಕೂಡಲೇ ಲೆಕ್ಕ ಹಾಕಿ, ದಿನಕ್ಕಿಷ್ಟು ಪುಟ ಎಂದು ಅವರಿಗೆ ಗೊತ್ತುಮಾಡಿದೆ. ಚಹಾ ಕೊಟ್ಟೆ, ದೀಪ ಹತ್ತಿರ ತಂದಿಟ್ಟೆ. ಏನು ಪ್ರಯೋಜನ? ಭಾವ ಪ್ರತಿ ಪುಟಕ್ಕೂ ನಿಂತು, ಕಾರಿನ ಅಡಿಗೆ ತಲೆ ಹಾಕುವಂತೆ ತಲೆ ಹಾಕಿದರು.

"ಒಂದಿಷ್ಟು ಪುಟ ಹಾರಿಸಿಬಿಡಿ ಭಾವ!"

"ಚಾಸಿ ನೋಡದೆ ಸ್ಟಿಕ್ಕರ್ ಅಂಟಿಸ್ಲಾ?"

ಬಾಯಿ ಕೂಡ ಕೈಚೆಲ್ಲಿದಳು. "ಅಕ್ಕ, ಮುನ್ನೂರು ವರ್ಷ ಹಿಂದೆ ಹೋದವರನ್ನು ಒಂದು ವಾರದಲ್ಲಿ ಎಳೆದು ತರ್ಲಿಕ್ಕೆ ಆಗ್ತದಾ? ನಾನು ನನ್ನ ಸಂತರಿಗೆ ಹೇಳ್ತೇನೆ. ಅಲ್ಲಿ ಯಾವಾಗಲೂ ಡ್ಯೂಟಿಯಲ್ಲಿ ಯಾರಾದ್ರೂ ಇರ್ತಾರೆ."

ಕೊನೆಗೆ ನಾನೇ ಟ್ಯಾಬ್ ತೆಗೆದುಕೊಂಡು ಮುಂದಿನ ಅಧ್ಯಾಯ ಓದಿದೆ. ಅಲ್ಲಿ ಇನ್ನೊಬ್ಬ ಜರ್ಮನ್ ಪಾದ್ರಿ ಇದ್ದ. ಅವನು ವಿಚಾರವಾದಿಗಳ ಜೊತೆ ಜಗಳಕ್ಕೇ ಹೋಗಿರಲಿಲ್ಲ. ಧರ್ಮ ಎಂದರೆ ವಾದವೂ ಅಲ್ಲ, ನಿಯಮವೂ ಅಲ್ಲ, ನಾವು ನಮ್ಮ ಬಲದಿಂದ ನಿಂತಿಲ್ಲ, ದೇವರಿಗೆ ಪೂರ್ತಿಯಾಗಿ ಆತುಕೊಂಡಿದ್ದೇವೆ ಎಂಬ ಅರಿವು ಎಂದಿದ್ದ. ನಾನು ಓಡಿ ಬಂದು ಭಾವನಿಗೆ ಹೇಳಹೊರಟೆ. ಭಾವ ಎರಡೂ ಕಿವಿ ಮುಚ್ಚಿಕೊಂಡರು.

"ಮುಂದೆ ಎಂತ ಆಗ್ತದೆ ಹೇಳ್ಬೇಡ! ನಾನೇ ಓದ್ತೇನೆ!"

ಸಿಟ್ಟು ಬಂದು ನಮ್ಮವರಿಗೆ ದೂರು ಹೇಳಿದೆ. ಅವರು ನಕ್ಕರು. "ಬಿಡು. ಅಣ್ಣ ನೋಡದೆ ಪಾಸ್ ಮಾಡುವ ಜನ ಅಲ್ಲ. ಸುಳ್ಳು ಪ್ರಾರ್ಥನೆ ನಂಗೂ ಬೇಡ." ನಕ್ಕದ್ದು ಹೌದು, ಆದರೆ ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಆಪರೇಷನ್ ದಿನ ಬೆಳಿಗ್ಗೆ ಖಮೀಸಿನಲ್ಲಿ ಮಂಜು ಕವಿದಿತ್ತು. ನಮ್ಮವರನ್ನು ಟ್ರಾಲಿಯ ಮೇಲೆ ಮಲಗಿಸಿ ಹಸಿರು ಹೊದಿಕೆ ಹೊದಿಸಿದೆವು. ಭಾವ ಕಾರಿಡಾರಿನ ಆ ಕೊನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದರು, ಕಂಕುಳಲ್ಲಿ ಟ್ಯಾಬ್. ಟ್ರಾಲಿ ಹತ್ತಿರ ಬಂದಾಗ ಟ್ಯಾಬನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದರು. ತಮ್ಮನ ತಲೆಯ ಮೇಲೆ ಕೈಯಿಟ್ಟರು.



"ಎಂತಾದ್ರೂ ಹೇಳು ಅಣ್ಣ" ಎಂದರು ನಮ್ಮವರು ಮೆಲ್ಲಗೆ.

"ಹೇಳ್ಲಿಕ್ಕೆ ಬರುವುದಿಲ್ಲ ಮಾರಾಯ. ಓದಿ ಮುಗೀಲಿಲ್ಲ."

"ಪರ್ವಾಗಿಲ್ಲ. ಕೈ ತೆಗೀಬೇಡ."

ಭಾವ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಟ್ರಾಲಿಯ ಕಂಬಿ ಹಿಡಿದಿದ್ದರು. ಅವರ ಮೈಭಾರವೆಲ್ಲ ಅದರ ಮೇಲೆಯೇ ಇತ್ತು. ಯಾರು ಯಾರಿಗೆ ಆತುಕೊಂಡಿದ್ದಾರೆ ಎಂದು ನನಗೆ ಗೊತ್ತಾಗಲಿಲ್ಲ. ಟ್ರಾಲಿ ತಳ್ಳುವವನು ಗೋಡೆ ಗಡಿಯಾರ ನೋಡಿದ, ಆಮೇಲೆ ಹೆದರುತ್ತ ನನ್ನ ಮುಖ ನೋಡಿದ. ತಡವಾದರೆ ನಾನು ಏನು ಹೇಳುತ್ತೇನೆ ಎಂದು ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು.

"ಯಲ್ಲಾ, ಸಿಸ್ಟರ್?" ಎಂದ.

"ಕಾಯಲಿ" ಎಂದೆ.

ನಮ್ಮವರು ಈಗ ದಿನಾ ಸಂಜೆ ಮೆಟ್ಟಿಲಿಳಿದು ಅಣ್ಣನ ಮನೆಗೆ ಚಹಾಕ್ಕೆ ಹೋಗುತ್ತಾರೆ, ಎದೆ ಹಿಡಿಯದೆ ಹತ್ತಿ ಬರುತ್ತಾರೆ. ಭಾವ ಇನ್ನೂ ಹದಿನೆಂಟನೆಯ ಶತಮಾನದಲ್ಲೇ ಇದ್ದಾರೆ, ಅದೇ ಅಧ್ಯಾಯ, ಅದೇ ತಪಾಸಣೆ. ದಿನಕ್ಕಿಷ್ಟು ಪುಟ ಎಂದು ನಾನು ಈಗ ಹೇಳುವುದಿಲ್ಲ. ನಿಧಾನವಾಗಿ ಬರಲಿ.