ಬಾಯಿಬಿಟ್ಟು ಓದುವವರ ಮೇಜು

ಹನ್ನೊಂದು ವರ್ಷದಿಂದ ದಿನಾ ಲೈಬ್ರರಿಗೆ ಹೋಗುತ್ತಿದ್ದೇನೆ, ಒಂದು ಪುಸ್ತಕವನ್ನೂ ಮುಗಿಸಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಲವತ್ತು ವರ್ಷ ದೇವಸ್ಥಾನ ಸುತ್ತಿದವರನ್ನು ಹಿಡಿದು ನಿಲ್ಲಿಸಿ, ಮೋಕ್ಷ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳುತ್ತಾರೆಯೇ? ನಾನು ಓದಿದ್ದು ಮೂರನೇ ಕ್ಲಾಸು. ಸರಳ ಅಕ್ಷರಗಳ ಮೇಲೆ ಸಲೀಸಾಗಿ ಹೋಗುತ್ತೇನೆ; ಒತ್ತಕ್ಷರ ಬಂತೆಂದರೆ ಸಿಗ್ನಲ್ ಬಿದ್ದ ಹಾಗೆ, ನಿಲ್ಲಲೇಬೇಕು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮನಸ್ಸಿನಲ್ಲಿ ಓದಲು ನನಗೆ ಬರುವುದಿಲ್ಲ. ನಮ್ಮ ಮೇಷ್ಟ್ರು ದನಿ ಕೇಳಿಸದಿದ್ದರೆ ಓದುತ್ತಿಲ್ಲವೆಂದೇ ತಿಳಿದು ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಹಾಗಾಗಿ ಇವತ್ತಿಗೂ ಬಾಯಿ ಮುಚ್ಚಿದರೆ ನನ್ನ ಕಣ್ಣೂ ನಿಂತುಬಿಡುತ್ತದೆ.

ರಾಜಾಜಿನಗರದ ನಮ್ಮ ಲೈಬ್ರರಿ ಹಳೇ ಕಲ್ಲಿನ ಕಟ್ಟಡ. ನಾನು ಮದುವೆಯಾಗಿ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಈಗ ನನಗೂ ಆಗಿದೆ, ಅದು ಮಾತ್ರ ಹಾಗೇ ಇದೆ. ಬೆಳಿಗ್ಗೆ ರಿಟೈರಾದ ಗಂಡಸರು ಪೇಪರನ್ನು ಹಾಳೆ ಹಾಳೆ ಬಿಡಿಸಿ ಪಾಲು ಮಾಡಿಕೊಳ್ಳುತ್ತಾರೆ. ಅಣ್ಣತಮ್ಮಂದಿರ ಆಸ್ತಿ ಕೂಡ ಅಷ್ಟು ನೀಟಾಗಿ ಭಾಗವಾಗುವುದಿಲ್ಲ. ಕಿಟಕಿ ಪಕ್ಕದಲ್ಲಿ ‘ಮಹಿಳೆಯರಿಗೆ’ ಎಂದು ಬರೆದ ಒಂದು ಮೇಜಿದೆ. ಮನೆಯಲ್ಲಿ ನಮ್ಮ ಯಜಮಾನರು ಟೀವಿ ಜೋರಾಗಿ ಹಾಕಿಕೊಂಡು, ಅದರ ಮೇಲೆ ದನಿ ಏರಿಸಿ, “ನಂಜೂ, ಕನ್ನಡಕ ಎಲ್ಲೇ? ನಂಜೂ, ನೀರು ತಾರೇ” ಎನ್ನುತ್ತಲೇ ಇರುತ್ತಾರೆ. ಆ ಮೇಜಿನ ಮುಂದೆ ಎರಡು ಗಂಟೆ ಯಾರೂ ನನ್ನ ಹೆಸರು ಕೂಗುವುದಿಲ್ಲ. ನನಗೆ ಬೇಕಾದ ಜ್ಞಾನ ಅಷ್ಟೇ.

ಮೊದಲು ಮೇಜಿನ ತುಂಬ ಹೆಂಗಸರಿರುತ್ತಿದ್ದರು. ಆಮೇಲೆ ಕೆಲವರು ಮಂಡಿನೋವಿಗೆ ಸೋತರು, ಕೆಲವರು ಫೋನಿಗೆ. ಕೊನೆಗೆ ಉಳಿದವರು ನಾನು ಮತ್ತು ಶಿವಲೀಲಾ. ಕೊಪ್ಪಳದ ಕಡೆಯ ಹುಡುಗಿ, ವಿಜಯನಗರದ ಪಿ.ಜಿ.ಯಲ್ಲಿದ್ದುಕೊಂಡು ಪಂಚಾಯತಿ ಆಫೀಸರ್ ಪರೀಕ್ಷೆಗೆ ಓದುವವಳು. ನನ್ನ ಓದು ಶುರುವಾದರೆ ಸಾಕು, ಪೆನ್ನು ಕೆಳಗಿಡುತ್ತಿದ್ದಳು.

“ಅಜ್ಜಿ, ಒಂಚೂರು ಮನಸ್ಸಿನ್ಯಾಗ ಓದ್ರಿ.”

“ನನ್ನ ಮನಸ್ಸಿಗೆ ಕಣ್ಣಿಲ್ಲ ಕಣಮ್ಮ.”

“ನನಗ ಕಿವಿ ಅದಾವಲ್ರಿ!”

ಹೀಗೆ ಅತ್ತೆ-ಸೊಸೆಯರ ಹಾಗೆ ನಡೆದುಕೊಂಡು ಹೋಗುತ್ತಿದ್ದಾಗ ಒಂದು ದಿನ ಲೈಬ್ರರಿ ಮೇಡಂ ಬಂದು ರಿಜಿಸ್ಟರ್ ತೆರೆದು ತೋರಿಸಿದರು. ತಿಂಗಳು ಪೂರ್ತಿ ಇಬ್ಬರೇ ಹೆಂಗಸರ ಸಹಿ. “ಅಜ್ಜಿ, ಮಂಗಳವಾರ ನಮ್ಮ ಸಾಹೇಬ್ರು ತಪಾಸಣೆಗೆ ಬರ್ತಾರೆ. ಮೇಜು ಹೀಗೇ ಖಾಲಿ ಕಂಡ್ರೆ ಪರೀಕ್ಷೆ ಹುಡುಗರಿಗೆ ಕೊಟ್ಬಿಡ್ತಾರೆ. ನನ್ನ ಕೈಲಿ ಏನೂ ಇಲ್ಲ.”

ಏನೂ ಇಲ್ಲದಿದ್ದರೆ ನನಗೇಕೆ ಹೇಳಬೇಕಿತ್ತು? ನನಗೆ ಅರ್ಥವಾಯಿತು. ನೇರವಾಗಿ ನಮ್ಮ ಭಜನಾ ಮಂಡಳಿಗೆ ಹೋದೆ. ಏಳು ಜನ ಒಪ್ಪಿದರು. ಎಲ್ಲರೂ ನನ್ನಷ್ಟೇ ಓದಿದವರು, ನನ್ನ ಹಾಗೆಯೇ ಬಾಯಿಬಿಟ್ಟು ಓದುವವರು. ಅದಕ್ಕೇ ಕಟ್ಟುನಿಟ್ಟಾಗಿ ಹೇಳಿದೆ: “ಯಾರೂ ಓದಕೂಡದು. ತುಟಿ ಆಡಿಸಕೂಡದು. ಆಗಾಗ ಹಾಳೆ ಮಾತ್ರ ತಿರುಗಿಸ್ತಾ ಇರಿ.”

“ಓದದೆ ಹಾಳೆ ತಿರುಗಿಸೋದು ಪಾಪ ಅಲ್ವೇನೇ ನಂಜಮ್ಮ?” ಎಂದಳು ಎದುರುಮನೆ ಪುಟ್ಟತಾಯಮ್ಮ.

“ಪಾಪ ನನಗಿರ್ಲಿ, ನೀನು ತಿರುಗಿಸು.”

ಮಂಗಳವಾರ ಎಂಟು ಜನ ಮೇಜಿನ ಸುತ್ತ ಕೂತೆವು. ಒಂಬತ್ತನೆಯವಳು ಶಿವಲೀಲಾ, ಮೂಲೆಗೆ ಒತ್ತಿಕೊಂಡಿದ್ದಳು. ಹಾಳೆ ತಿರುಗಿಸುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಸಾಹೇಬರು ಬಂದರು. ನೋಡಿ ಖುಷಿಯಾದರು. ಖುಷಿಯಾಗಿ ಹಾಗೇ ಮುಂದೆ ಹೋಗಬಹುದಿತ್ತು. ಬಗ್ಗಿ ಪುಟ್ಟತಾಯಮ್ಮನನ್ನು ಮಾತಾಡಿಸಿದರು.

“ಏನಮ್ಮ ಓದ್ತಾ ಇದೀರಾ?”

ಅವಳು ನನ್ನ ಮುಖ ನೋಡಿದಳು. ನಾನು ಕಣ್ಣು ಬಿಟ್ಟೆ. ಅವಳು ಅದನ್ನು ನಿಜ ಹೇಳು ಎಂದು ತಿಳಿದುಕೊಂಡಳು. “ನಂಜಮ್ಮನೋರು ಓದಬೇಡಿ ಅಂದವ್ರೆ ಸಾರ್.”

ಸಾಹೇಬರು ನನ್ನ ಕಡೆ ತಿರುಗಿದರು. ಸುಳ್ಳು ಹೇಳಲು ಜ್ಞಾಪಕಶಕ್ತಿ ಬೇಕು, ಈ ವಯಸ್ಸಿನಲ್ಲಿ ನನಗೆ ಅದು ಸಾಲದು. “ನಮಗೆ ಬಾಯಿ ಮುಚ್ಕೊಂಡು ಓದಕ್ಕೆ ಬರಲ್ಲ ಸಾರ್. ಇಲ್ಲಿ ಬಾಯಿ ಬಿಡೋ ಹಾಗಿಲ್ಲ. ಅದಕ್ಕೇ ಸುಮ್ನೆ ಕೂತಿದೀವಿ.”

“ಹಾಗಾದ್ರೆ ಓದಿ, ಕೇಳೋಣ” ಎಂದರು. ನನಗೆ ಹೇಳಿದ್ದು. ಎಂಟೂ ಜನ ಶುರು ಮಾಡಿದೆವು. ಒಬ್ಬಳದು ಸಕ್ಕರೆ ಕಾಯಿಲೆ, ಒಬ್ಬಳದು ರಾಜರ ಯುದ್ಧ, ಪುಟ್ಟತಾಯಮ್ಮನದು ಬೆಂಡೆಕಾಯಿ ಗೊಜ್ಜು. ಭಜನೆಯ ಗಂಟಲುಗಳು ಬೇರೆ. ಪಕ್ಕದ ಹಾಲಿನಲ್ಲಿ ಪರೀಕ್ಷೆ ಹುಡುಗರು ಎದ್ದು ನಿಂತರು. “ಮಗಾ, ಸ್ಕೂಲ್ ಬಿಡ್ತೇನೋ” ಎಂದೊಬ್ಬ ನಕ್ಕ. ಮೇಡಂ ಕಂಬ ಹಿಡಿದು ನಿಂತಿದ್ದರು. ಮೇಜು ಹೋಯಿತು ಅಂದುಕೊಂಡೆ.

ಆಗ ಎದ್ದವಳು ಶಿವಲೀಲಾ. “ಸರ, ಈ ಅಜ್ಜಿ ಗದ್ದಲ ಮಾಡ್ತಾರ, ಖರೇ. ದಿನಾ ತಲಿ ತಿಂತಾರ. ಆದ್ರ ಈ ಮೇಜು ಹೋದ್ರ ನನಗ ಕುಂದ್ರಾಕ ಜಾಗಾ ಇಲ್ರಿ. ಆ ಹಾಲಿನ್ಯಾಗ ಬಾಗಲಾ ತೆಗ್ಯೂದ್ರಾಗ ಹುಡುಗೂರು ಬ್ಯಾಗ್ ಇಟ್ಟಿರ್ತಾರ. ಪಿ.ಜಿ.ಯಾಗ ಒಂದು ರೂಮಿಗೆ ನಾಲ್ಕು ಮಂದಿ. ನಾ ಎಲ್ಲಿ ಓದ್ಲಿ?”

ನಾನು ಅಷ್ಟು ದಿನವೂ ನನ್ನ ಎರಡು ಗಂಟೆಯ ಲೆಕ್ಕದಲ್ಲೇ ಇದ್ದೆ. ಆ ಮೇಜು ಹೋದರೆ ನನಗೆ ಟೀವಿ, ಅವಳಿಗೆ ಊರಿಗೆ ವಾಪಸು ಬಸ್ಸು. ಇದು ನನ್ನ ತಲೆಗೆ ಬಂದೇ ಇರಲಿಲ್ಲ.

ಸಾಹೇಬರು ತೀರ್ಮಾನ ಮಾಡಿಯೇ ಹೋದರು. ಮಹಿಳೆಯರ ಮೇಜು ಕಿಟಕಿ ಪಕ್ಕದಲ್ಲೇ ಇರತಕ್ಕದ್ದು. ಅದನ್ನು ಉಳಿಸಲು ಬಂದ ಎಂಟು ಜನ ಮಾತ್ರ ಅಲ್ಲಿ ಇರತಕ್ಕದ್ದಲ್ಲ. ಹಳೇ ಮ್ಯಾಗಜೀನ್ ತುಂಬಿದ್ದ ಹಿಂದಿನ ರೂಮು ಗುಡಿಸಿ ನಮ್ಮನ್ನು ಅಲ್ಲಿಗೆ ಹಾಕಿದರು. ಈಗ ಅಲ್ಲಿ ಒಂದೇ ಪುಸ್ತಕ, ಒಬ್ಬೊಬ್ಬರಿಗೆ ಒಂದು ಪುಟ. ನನ್ನ ಸರದಿ ಬರುವಷ್ಟರಲ್ಲಿ ಕಥೆಯಲ್ಲಿ ಒಂದು ಮದುವೆ ಮುಗಿದಿರುತ್ತದೆ. ಒತ್ತಕ್ಷರಕ್ಕೆ ನಾನು ನಿಂತರೆ ಏಳು ಜನ ತಿದ್ದುತ್ತಾರೆ, ಏಳು ಥರ. ಮನೆಯಲ್ಲಿ ‘ನಂಜೂ’ ಎಂದು ಕೂಗುವವರು ಒಬ್ಬರೇ ಇದ್ದರು.

ಶಿವಲೀಲಾ ತಲೆ ಬಿಸಿಯಾದಾಗ ಆ ರೂಮಿಗೆ ಬಂದು ಕೂರಲು ಶುರು ಮಾಡಿದಳು. ಒಂದು ದಿನ ತನ್ನ ಪಂಚಾಯತಿ ಕಾಯಿದೆ ಪುಸ್ತಕ ನನ್ನ ಮುಂದಿಟ್ಟಳು. “ನೀವು ಓದ್ರಿ ಅಜ್ಜಿ. ನಿಮ್ಮ ದನ್ಯಾಗ ಕೇಳಿದ್ರ ತಲ್ಯಾಗ ಕುಂದರ್ತದ.” ಕಾಯಿದೆ ಎಂದರೆ ಬರೀ ಒತ್ತಕ್ಷರ. ಆದರೂ ಎರಡು ತಿಂಗಳು ಓದಿದೆ, ಏಳೂ ಜನ ತಿದ್ದಿದರು.

ಪರೀಕ್ಷೆ ಬರೆದು ನೇರ ನನ್ನ ಹತ್ತಿರ ಬಂದಳು. “ಅಜ್ಜಿ, ಪ್ರಶ್ನಿ ಓದಿದ ಕೂಡ್ಲೆ ನಿಮ್ಮ ದನಿ ಕೇಳಿಸ್ತಿತ್ರಿ. ಎಲ್ಲಾ ಉತ್ತರ ಬಂದ್ವು.”

“ಮತ್ತೆ ಮುಖ ಯಾಕೆ ಹೀಗಿದೆ?”

“ಒಂದೊಂದು ಒತ್ತಕ್ಷರಕ್ಕೂ ನೀವು ನಿಂತ್ರಿ. ನಾನೂ ನಿಂತೆ. ಟೈಮ್ ಸಾಲ್ಲಿಲ್ಲ ನೋಡ್ರಿ.”

ಅವಳು ಇನ್ನೊಂದು ಸಲ ಬರೆಯುತ್ತಾಳಂತೆ. ಅದಕ್ಕೇ ಈಗ ಮನೆಯಲ್ಲೂ ದಿನಾ ಗಟ್ಟಿಯಾಗಿ, ನಿಲ್ಲದೆ ಓದುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ನಾನು ಮುಗಿಸಲು ಹೊರಟ ಮೊದಲ ಪುಸ್ತಕ ಪಂಚಾಯತಿ ಕಾಯಿದೆ. ನಮ್ಮ ಯಜಮಾನರು ಮೊನ್ನೆಯಿಂದ ಟೀವಿ ಆರಿಸಿ, ಹತ್ತು ಗಂಟೆಗೆ ಸರಿಯಾಗಿ ಲೈಬ್ರರಿಗೆ ಹೋಗುತ್ತಿದ್ದಾರೆ. ಅಲ್ಲಿ ನಿಶ್ಶಬ್ದವಾಗಿರುತ್ತದಂತೆ.