ಅದೇ ಗುಣದ ಇನ್ನೊಂದು

ಸುಳ್ಳು ಹೇಳಬೇಕೆಂದು ಮಾತ್ರೆಯಕ್ಕ ಫೋನ್ ಎತ್ತಿಕೊಂಡವಳಲ್ಲ. ಮಗಳ ಮದುವೆ ನಿಶ್ಚಯವಾಗಿ ಇಪ್ಪತ್ತು ದಿನವಾಗಿತ್ತು. ಆ ಇಪ್ಪತ್ತು ದಿನವೂ ಬೀಗಿತ್ತಿ ಫೋನಿನಲ್ಲಿ ಒಂದೊಂದು ದೇಶ ಸುತ್ತಿಸುತ್ತಿದ್ದರು. ಮೂವತ್ತು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತರಾದ ಬಾಯಿ ಅದು. ಆವತ್ತು ಹಂಗೇರಿಯ ಸರದಿ.

"ಅಲ್ಲಿ ಗುಲಾಶ್ ಅಂತ ಮಾಂಸದ ಗಟ್ಟಿ ಸಾರು ಮಾಡ್ತಾರೆ. ಒಂದ್ಸಲ ತಿಂದೋರು ಸಾಯೋವರೆಗೆ ಮರೆಯಲ್ಲ. ನಿಮಗೆಲ್ಲ ಗೊತ್ತಿರಲಿಕ್ಕಿಲ್ಲ ಬಿಡಿ."

ಆ 'ಬಿಡಿ' ಮಾತ್ರೆಯಕ್ಕನ ಎದೆಗೆ ಗುಂಡುಪಿನ್ನಿನ ಹಾಗೆ ಚುಚ್ಚಿತು. "ಅಯ್ಯೋ, ಗುಲಾಶಾ? ನಮ್ಮನೇಲಿ ವಾರಕ್ಕೊಂದ್ಸಲ ಮಾಡ್ತೀನಲ್ಲ!"

ಆ ಕಡೆಯಿಂದ ತಕ್ಷಣ ಬಂತು ಉತ್ತರ: "ಹೌದಾ? ಹಾಗಾದ್ರೆ ಈ ಭಾನುವಾರ ಒಂದು ಗಂಟೆಗೆ ಬಂದ್ಬಿಡ್ತೀನಿ."

ಮಾತ್ರೆಯಕ್ಕ ಫೋನ್ ಕೆಳಗಿಟ್ಟು, ಅಡುಗೆಮನೆ ಯಾವ ದಿಕ್ಕಿಗಿದೆ ಎಂಬುದೇ ಮರೆತವಳಂತೆ ನಿಂತಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಮಾತ್ರೆಯಕ್ಕ ಎಂದು. ಇಪ್ಪತ್ತನಾಲ್ಕು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳು. ವಾರದ ಆರು ದಿನ ನಿಂತ ಕಾಲಿಗೆ ಏಳನೆಯ ದಿನ ದಿಂಬಿನ ಮೇಲೆ ವಿಶ್ರಾಂತಿ. ಭಾನುವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಕಾಲು ಎತ್ತರಕ್ಕಿಟ್ಟು, ಕಾದಂಬರಿ ಹಿಡಿದು ಮಲಗುವ ಆ ಮೂರು ಗಂಟೆ ಬಿಟ್ಟರೆ ಅವಳದು ಅಂತ ಹೇಳಿಕೊಳ್ಳುವ ಹೊತ್ತು ಇರಲಿಲ್ಲ. ಈ ಒಂದು ಭಾನುವಾರ ಹೋದರೆ ಹೋಗಲಿ, ಬೀಗಿತ್ತಿಯ ಮುಂದೆ ಮುಖ ಉಳಿದರೆ ಸಾಕು ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಮಗಳು ಮೊಬೈಲ್ ನೋಡಿ ಓದತೊಡಗಿದಳು. "ದನದ ಮಾಂಸ ಒಂದು ಕೇಜಿ. ಪಾಪ್ರಿಕಾ ಪುಡಿ. ಕ್ಯಾರವೇ ಬೀಜ..."

ಮಾಂಸ ತರಲು ಹೋದ ಗಂಡ ಕುರಿ ಮಾಂಸ ಹಿಡಿದು ಬಂದ. "ಅದು ಖಾಲಿಯಾಗಿತ್ತು ಕಣೇ." ಪಾಪ್ರಿಕಾ ಕೇಳಿದ್ದಕ್ಕೆ ದಿನಸಿ ಅಂಗಡಿಯವನು ಯಾವುದೋ ಔಷಧಿಯಿರಬೇಕೆಂದು, "ಅದು ನಿಮ್ಮಂಗಡೀಲೇ ಸಿಗುತ್ತಲ್ಲಕ್ಕಾ" ಅಂದ. ಕ್ಯಾರವೇ ಬೀಜದ ಹೆಸರನ್ನು ಅವನು ಕೇಳಿಯೇ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರು. ಆದರೆ ಕೇಳಿದ ಮಾತ್ರೆ ಇಲ್ಲವೆಂದು ಮಾತ್ರೆಯಕ್ಕ ಯಾವ ಗಿರಾಕಿಯನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. 'ಹೆಸರು ಬೇರೆ, ಒಳಗಿರೋದು ಅದೇ' ಎಂದು ಇನ್ನೊಂದು ಕಂಪನಿಯ ಮಾತ್ರೆ ಪಟ್ಟಿ ಕತ್ತರಿಸಿ ಕೊಡುವುದು ಅವಳ ರಕ್ತದಲ್ಲೇ ಬೆರೆತ ಕಸುಬು.

"ಪಾಪ್ರಿಕಾ ಕೆಲಸ ಏನಂತೆ?"

"ಕೆಂಪು ಬಣ್ಣ, ಸ್ವಲ್ಪ ಸಿಹಿ. ಖಾರ ಇರಲ್ಲ."

"ಹಾಗಾದ್ರೆ ಬಣ್ಣಕ್ಕೆ ಬೀಟ್‌ರೂಟ್, ಸಿಹಿಗೆ ಕ್ಯಾರೆಟ್, ಹೆಸರಿಗೆ ಒಂದು ಚಿಟಿಕೆ ಮೆಣಸಿನ ಪುಡಿ. ಆ ಬೀಜದ ಜಾಗಕ್ಕೆ ಜೀರಿಗೆ. ಬರ್ಕೋ."

"ಅಮ್ಮಾ, ಹೀಗೇ ಆದ್ರೆ ಇದ್ರಲ್ಲಿ ಹಂಗೇರಿ ಎಲ್ಲಿ ಉಳಿಯುತ್ತೆ?"

"ಹಂಗೇರಿ ಪಾತ್ರೇಲಿರಲ್ಲ ಕಣೇ, ಹೇಳೋ ಧೈರ್ಯದಲ್ಲಿರುತ್ತೆ."

ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ ಕೆಂಪಗಾಯಿತು. ಮಾಂಸ ಬಿತ್ತು, ಬೀಟ್‌ರೂಟ್ ಬಿತ್ತು, ಟೊಮ್ಯಾಟೊ ಕರಗಿತು. ಆಲೂಗಡ್ಡೆಯನ್ನು ತಡವಾಗಿ ಹಾಕಬೇಕೆಂದು ಮೊಬೈಲ್ ಹೇಳಿತು. ಒಂಬತ್ತೂವರೆಗೆ ಇಟ್ಟ ಪಾತ್ರೆ ಹನ್ನೊಂದಕ್ಕೆ ಗುಳುಗುಳು ಎನ್ನುತ್ತ ಎಂಥ ಪರಿಮಳ ಬಿಟ್ಟಿತೆಂದರೆ, ಅದು ಕಿಟಕಿ ದಾಟಿ, ಮೆಟ್ಟಿಲು ಹತ್ತಿ, ಮನೆಮನೆಯ ಬಾಗಿಲು ಬಡಿದು ಬಂತು.

ಮೊದಲು ಬಂದವಳು ಪಕ್ಕದ ಮನೆಯ ಟೈಲರ್. ಕುತ್ತಿಗೆಯ ಮೇಲೆ ಟೇಪು ಹಾಗೇ ನೇತಾಡುತ್ತಿತ್ತು. "ಏನಕ್ಕಾ ಇದು! ಮೆಷಿನ್ ತುಳಿಯೋಕೆ ಕಾಲೇ ಏಳ್ತಿಲ್ಲ." ಅವಳ ಹಿಂದೆಯೇ ಮೇಲ್ಮನೆಯ ಕಂಡಕ್ಟರ್ ಮಾವ. ನಿವೃತ್ತನಾಗಿ ಆರು ವರ್ಷವಾದರೂ ಬಾಗಿಲಲ್ಲಿ ನಿಂತವರನ್ನು 'ಒಳಗೆ ನಡೀರಿ, ಒಳಗೆ ನಡೀರಿ' ಎಂದು ತಳ್ಳುವ ಚಾಳಿ ಬಿಟ್ಟಿರಲಿಲ್ಲ. ಟೈಲರಮ್ಮನನ್ನು ತಳ್ಳುತ್ತ ಒಲೆಯ ತನಕ ತಾನೂ ಬಂದುಬಿಟ್ಟ.

"ಬೆಂದಿದ್ಯಾ ಅಂತ ನೋಡಿದ್ಯಾ ತಾಯಿ?"

ಅದೊಂದು ಪ್ರಶ್ನೆಯೇ ಮಾತ್ರೆಯಕ್ಕನಿಗೆ ಮುಳುವಾಯಿತು. ಮಾಂಸ ಹದವಾಯಿತೆಂದು ಹೇಳಲು ಒಬ್ಬರ ನಾಲಿಗೆ ಸಾಲದು, ಇನ್ನೊಬ್ಬರ ಅಭಿಪ್ರಾಯವೂ ಬೇಕು ಎನ್ನಿಸಿ ಮೂರು ಬಟ್ಟಲಿಗೆ ಒಂದೊಂದು ತುಂಡು ಹಾಕಿದಳು.

ಟೈಲರಮ್ಮ ಅಗಿದು, "ಹೊಲಿಗೆ ಇನ್ನೂ ಒಂಚೂರು ಬಿಗಿ" ಅಂದಳು. ಕಂಡಕ್ಟರ್ ಮಾವ ಕಣ್ಣು ಮುಚ್ಚಿ, "ಇನ್ನೂ ಎರಡು ಸ್ಟಾಪ್ ಇದೆ" ಅಂದ. ಗಂಡ ಏನೂ ಅನ್ನದೆ ಬಟ್ಟಲು ಮುಂದೆ ಚಾಚಿದ.

"ಕಾಲು ಗಂಟೆಗೊಂದ್ಸಲ ನೋಡ್ತಿರಿ" ಎಂದು ಆಲೂಗಡ್ಡೆ ಹಾಕಿದ ಮಾತ್ರೆಯಕ್ಕ, ಮಗಳನ್ನು ಕರೆದುಕೊಂಡು ಮುಂದಿನ ಕೋಣೆಯ ಧೂಳು ಹೊಡೆದಳು. ಸ್ನಾನ ಮಾಡಿದಳು, ಸೀರೆ ಉಟ್ಟಳು, ಕನ್ನಡಿಯ ಮುಂದೆ ನಿಂತು 'ವಾರಕ್ಕೊಂದ್ಸಲ ಮಾಡ್ತೀನಿ' ಎನ್ನುವ ಮುಖ ಹೇಗಿರಬೇಕೆಂದು ಅಭ್ಯಾಸ ಮಾಡಿದಳು. ಹನ್ನೆರಡೂಮುಕ್ಕಾಲಿಗೆ ಅಡುಗೆಮನೆಗೆ ಬಂದಾಗ ಮೂವರೂ ಗೋಡೆಗೊರಗಿ, ಹಾಲು ಕುಡಿದ ಬೆಕ್ಕುಗಳಂತೆ ಕೂತಿದ್ದರು.

ಸೌಟು ಹಾಕಿದಳು. ಆಲೂಗಡ್ಡೆ ಬಂತು. ಮತ್ತೆ ಹಾಕಿದಳು. ಮತ್ತೆ ಆಲೂಗಡ್ಡೆ.

"ರೀ, ಮಾಂಸ ಎಲ್ರೀ?"

"ಬೆಂದಿದೆ ಕಣೇ" ಎಂದ ಗಂಡ, ಕರ್ತವ್ಯ ಮುಗಿಸಿದವನ ದನಿಯಲ್ಲಿ. "ಈಗಷ್ಟೇ ಮೂರೂ ಜನ ಒಪ್ಪಿದ್ವಿ."

"ಒಪ್ಪೋಕೆ ಒಂದು ಕೇಜಿ ಬೇಕಾಯ್ತಾ?"

"ಒಮ್ಮತ ಅಂದ್ರೆ ಸುಮ್ನೆ ಬರುತ್ತಾ ತಾಯಿ?" ಎಂದ ಕಂಡಕ್ಟರ್ ಮಾವ.

ಮಾತ್ರೆಯಕ್ಕ ಸೌಟನ್ನು ಮೇಲೆತ್ತಿದಳು. ಮೂರು ಜನರನ್ನು ಒಂದೇ ಸೌಟಿನಿಂದ ಬಾರಿಸುವುದು ಹೇಗೆಂದು ಯೋಚಿಸುತ್ತಿರುವಾಗಲೇ ಕಸುಬು ಮತ್ತೆ ತಲೆಯೆತ್ತಿತು. ಮೆತ್ತಗಿರಬೇಕು, ಅಗಿಯಲು ಸಿಗಬೇಕು, ಕಂದು ಬಣ್ಣವಿರಬೇಕು. ಅದೇ ಗುಣದ ಇನ್ನೊಂದು?

"ನಮ್ಮ ಫ್ರಿಜ್ಜಲ್ಲಿ ಅಣಬೆ ಇದೆ ಅಕ್ಕಾ" ಎಂದಳು ಟೈಲರಮ್ಮ, ಪಾಪಭೀತಿಯಿಂದ.

ಅಣಬೆ ಹುರಿದು, ಪಾತ್ರೆಗೆ ಸುರಿದು, ನೆರೆಯವರಿಬ್ಬರನ್ನೂ ಹೊರದಬ್ಬುವುದಕ್ಕೂ ಬೀಗಿತ್ತಿ ಕರೆಗಂಟೆ ಒತ್ತುವುದಕ್ಕೂ ಸರಿಹೋಯಿತು. ಗಂಡ ಮಾತ್ರ ಮನೆಯವನಾದ್ದರಿಂದ ಒಳಗೇ ಉಳಿದ.

ಬೀಗಿತ್ತಿ ನೆಟ್ಟಗೆ ಕೂತು, ನಕ್ಷೆಯ ಮೇಲೆ ಕೋಲಿಡುವಂತೆ ಬಟ್ಟಲಿಗೆ ಚಮಚ ಇಳಿಸಿದರು. ಒಂದು ತುಂಡು ಬಾಯಿಗೆ ಹೋಯಿತು. ಮಗಳು ತುಂಬಿದ ಲೋಟಕ್ಕೇ ಮತ್ತೆ ನೀರು ಸುರಿದಳು. ಗಂಡ ಗೋಡೆಯ ಕ್ಯಾಲೆಂಡರನ್ನು ಗಾಢವಾಗಿ ಓದತೊಡಗಿದ. ಮಾತ್ರೆಯಕ್ಕ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮುಖ ಹಾಕಿಕೊಂಡಳು.

"ಆಹಾ!" ಬೀಗಿತ್ತಿ ಕಣ್ಣು ಮುಚ್ಚಿಕೊಂಡರು. "ಇದೇ! ಅಲ್ಲಿ ನದಿ ದಂಡೇಲಿ ತಿಂದಿದ್ನಲ್ಲ, ಅದೇ ರುಚಿ. ಮಾಂಸ ಬೇಯಿಸೋದು ಅಂದ್ರೆ ಹೀಗೆ."

ಮಾತ್ರೆಯಕ್ಕನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಒಳಗಿನಿಂದ ನಗೆಯೊಂದು ಬೆಚ್ಚಗೆ ಏರತೊಡಗಿತು. ಅಣಬೆಯನ್ನು ಮಾಂಸ ಎಂದ ಈಕೆ ಹಂಗೇರಿಯಲ್ಲಿ ಗುಲಾಶ್ ತಿಂದದ್ದು ಅಷ್ಟರಲ್ಲೇ ಇದೆ! ಇಪ್ಪತ್ತು ದಿನದಿಂದ ತಾನು ಹೆದರಿದ್ದು ಇವರಿಗೇನಾ? ಆ ಕ್ಷಣ ಆ ಹೆಂಗಸಿನ ಮೇಲೆ ಪ್ರೀತಿಯೇ ಉಕ್ಕಿತು. ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ನದಿ, ಬೆಟ್ಟ, ರಾಜಧಾನಿ ತೋರಿಸುತ್ತ ಒಂದೇ ಕೋಣೆಯಲ್ಲಿ ನಿಂತವರು. ಅವರ ಕಾಲೂ ನೋಯುತ್ತಿದ್ದಿರಬೇಕು. "ಇನ್ನೊಂದು ಸೌಟು ಹಾಕ್ಲಾ?" ಎಂದು ಧಾರಾಳವಾಗಿ ಬಡಿಸಿದಳು.

ಎರಡು ಬಟ್ಟಲು ಮುಗಿಸಿದ ಬೀಗಿತ್ತಿ ಹೊರಟರು. ಚಪ್ಪಲಿ ಮೆಟ್ಟುತ್ತ, "ಒಂದ್ನಿಮಿಷ ಇಲ್ಲಿ ಬನ್ನಿ" ಎಂದು ಮಾತ್ರೆಯಕ್ಕನನ್ನು ಬಾಗಿಲಾಚೆ ಕರೆದರು.

"ಅಣಬೇನ ಇನ್ನೂ ಸ್ವಲ್ಪ ಮುಂಚೆ ಹಾಕ್ಬೇಕು. ಕೊನೇ ಗಳಿಗೇಲಿ ಹಾಕಿದ್ರೆ ರಸ ಹೀರಲ್ಲ."

ಮಾತ್ರೆಯಕ್ಕ ಬೆನ್ನ ಹಿಂದಿನ ಬಾಗಿಲನ್ನು ಎಳೆದು ಮುಚ್ಚಿದಳು.

"ಹೆದರ್ಬೇಡಿ. ನಾನು ಹಂಗೇರಿ ನೋಡಿದ್ದು ವಿಮಾನ ನಿಲ್ದಾಣದ ಗಾಜಿನೊಳಗಿಂದ, ನಾಲ್ಕು ಗಂಟೆ. ತಿಂದಿದ್ದು ಎರಡು ಬಿಸ್ಕತ್ತು. ಗುಲಾಶನ್ನ ಗೋಡೆ ಮೇಲಿನ ಚಿತ್ರದಲ್ಲಿ ನೋಡಿದ್ದೆ, ಅಷ್ಟೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಾಗ ಮಾತ್ರೆಯಕ್ಕ ಹಗುರವಾಗಿ, "ಸದ್ಯ! ಹಾಗಾದ್ರೆ ಇನ್ನು ಈ ಗುಲಾಶಿನ ಗೋಜಿಲ್ಲ ಅಲ್ವಾ ಅಕ್ಕಾ?" ಅಂದಳು.

"ಅದ್ಹೇಗಾಗುತ್ತೆ? ನಾನು ಊರಿಗೆಲ್ಲ ಹೇಳ್ಕೊಂಡು ಬಂದ ರುಚಿ ಈಗ ಕೈಗೆ ಸಿಕ್ಕಿದೆ. ನಮ್ಮ ತಂಗಿಯರು ನನ್ನ ಮಾತು ನಂಬಲ್ಲ, ಅವರಿಗೆ ತೋರಿಸ್ಬೇಡ್ವಾ? ಹೇಗೂ ನೀವು ವಾರಕ್ಕೊಂದ್ಸಲ ಮಾಡೋದು ಅವರಿಗೂ ಗೊತ್ತು, ನಾನೇ ಹೇಳಿದೀನಿ. ನನ್ನದು ನೀವು ಕಾಪಾಡಿ, ನಿಮ್ಮದು ನಾನು. ಬರೋ ಭಾನುವಾರ ಆರು ಜನ ಬರ್ತೀವಿ. ಆಮೇಲೆ ವಾರವಾರ ನಾನಂತೂ ಇದ್ದೇ ಇರ್ತೀನಿ."

ಅವರು ಮೆಟ್ಟಿಲಿಳಿದರು. ಮೇಲಿಂದ ಕಂಡಕ್ಟರ್ ಮಾವನ ದನಿ ಕೇಳಿತು: "ಬೆಂದಿದ್ಯಾ ನೋಡೋಕೆ ನಾನು ಬರ್ತೀನಿ ತಾಯಿ!"

ನಾಲ್ಕು ಗಂಟೆಗೆ ಮಾತ್ರೆಯಕ್ಕ ದಿಂಬಿನ ಮೇಲೆ ಕಾಲಿಟ್ಟು ಕಾದಂಬರಿ ತೆರೆದಳು. ಒಂದು ಸಾಲು ಓದಿ, ಎದ್ದಳು. ಅಂಗಡಿಯಿಂದ ತಂದಿದ್ದ ಅಂಟುಚೀಟಿಯೊಂದನ್ನು ಎಳೆದುಕೊಂಡು, ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದು, ತೊಳೆದಿಟ್ಟ ಪಾತ್ರೆಯ ಮುಚ್ಚಳಕ್ಕೆ ಒತ್ತಿ ಅಂಟಿಸಿದಳು:

'ವಾರಕ್ಕೊಮ್ಮೆ. ಊಟದ ಹೊತ್ತಿಗೆ ಮಾತ್ರ. ಗಂಡಂದಿರ ಕೈಗೆ ಸಿಗದಂತೆ ಇಡತಕ್ಕದ್ದು.'