ಖಾಲಿ ಮೊಳೆ

ನಮ್ಮ ಅತ್ತೆ ಬಂಗಾರಪೇಟೆಗೆ ಸಾವಿರ ಸಲವಾದರೂ ಹೋಗಿದ್ದಾರೆ. ಆದರೆ ಕಳೆದ ವಾರದವರೆಗೆ ಬಂಗಾರಪೇಟೆಯ ನೆಲಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ! ನಂಬುತ್ತೀರಾ? ಪ್ರತಿ ಭಾನುವಾರ ಮಾರಿಕುಪ್ಪಂನಲ್ಲಿ ರೈಲು ಹತ್ತುತ್ತಾರೆ. ಬಂಗಾರಪೇಟೆ ಬಂದಾಗ ತಲೆತುಂಬ ಸೆರಗು ಹೊದ್ದು ಕಿಟಕಿಯಲ್ಲಿ ಇಣುಕುತ್ತಾರೆ. ಗಾಡಿ ತಿರುಗಿದಾಗ ಅದರಲ್ಲೇ ವಾಪಸ್. ಪ್ಲಾಟ್‌ಫಾರಂನಲ್ಲಿ ಹೂ ಮಾರುವ ಹೆಂಗಸನ್ನೇ ದಿಟ್ಟಿಸುತ್ತಾರಲ್ಲ ಎಂದು "ಮಲ್ಲಿಗೆ ತರಲಾ ಅತ್ತೆ?" ಎಂದರೆ, "ಬಾಯ್ಮುಚ್ಕೊಂಡ್ ಕೂತ್ಕೊಳ್ಳೇ!" ಎಂದು ಸೀಟಿನ ಕೆಳಗೇ ಬಗ್ಗಿಬಿಡುತ್ತಾರೆ.

ನನ್ನನ್ನು ಕರೆದೊಯ್ಯುವುದು ದಾರಿಯಲ್ಲಿ ಕಾದಂಬರಿ ಓದಿ ಹೇಳಲು. ಅವರೇ ಬರೆದದ್ದು! ಅರವತ್ತು ದಾಟಿದ ಈ ಟೈಲರಮ್ಮ ಬರೆಯುವುದು ಹೈಸ್ಕೂಲು ಹುಡುಗಿಯರ ಗುಪ್ತ ಸಂಘದ ಸೇಡಿನ ಕಥೆ. ಹನ್ನೊಂದು ಬರೆದಿದ್ದಾರೆ. ಹನ್ನೊಂದರಲ್ಲೂ ಅದೇ ಕಥೆ, ಒಂದಕ್ಕೂ ಕೊನೆಯ ಅಧ್ಯಾಯವಿಲ್ಲ.

ನಮ್ಮೂರ ಚಿನ್ನದ ಗಣಿ ನಡೆಯುತ್ತಿದ್ದಾಗ ಕೆಳಗಿಳಿಯುವವರು ಗೋಡೆಯ ಮೊಳೆಯಿಂದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಮತ್ತೆ ಅಲ್ಲೇ ನೇತುಹಾಕಬೇಕು. ಮೊಳೆ ಖಾಲಿಯಿದ್ದರೆ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ಕಥೆಯ ಹುಡುಗಿಯರೂ ಗಣಿಯವರ ಮಕ್ಕಳಲ್ಲವೇ? ಶಾಲೆಯ ಹಿಂದಿನ ಪಾಳು ಕೋಣೆಯಲ್ಲಿ ಏಳು ಮೊಳೆ ಹೊಡೆದು ಏಳು ತಗಡಿನ ಬಿಲ್ಲೆ ತೂಗಿದರು. ಸಂಘಕ್ಕೆ ದ್ರೋಹ ಮಾಡಿದವಳ ಬಿಲ್ಲೆ ಕಿತ್ತರೆ ಮುಗಿಯಿತು, ಅವಳು ಮೇಲೆ ಬಂದೇ ಇಲ್ಲ ಎಂದು ಲೆಕ್ಕ! ಅವಳು ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ, ಎದುರು ನಿಂತರೂ ಕಾಣಿಸುವುದಿಲ್ಲ. ಅವಳ ಜಾಗದಲ್ಲಿ ಬೇರೆಯವರ ಚೀಲ. ಹಾಡಹಗಲಲ್ಲಿ ಓದಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅತ್ತೆಯ ಮನೆ ಇನ್ನೂ ಭಯಂಕರ. ಬಾಗಿಲ ಪಕ್ಕ ಏಳು ಮೊಳೆ, ಆರೇ ಬಿಲ್ಲೆ. ಗಣಿಯ ಕಸದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ಆರೂ ಕಿಣಿಕಿಣಿ ಎನ್ನುತ್ತವೆ. ನಾವಿಬ್ಬರೇ ಇದ್ದರೂ ಟೀ ಮೂರು ಲೋಟ.

"ಇದು ಯಾರಿಗೆ ಅತ್ತೆ?"

"ಅವ್ಳಿನ್ನೂ ಕೆಳಗವ್ಳೆ ಕಣೇ. ಬಂದ್ರೆ ಬೇಕಾಯ್ತದೆ."

ಆ ದಿನ ನನ್ನ ಲೋಟವನ್ನೂ ಬಿಟ್ಟು ಎದ್ದು ಬಂದೆ!

ಕಳೆದ ಭಾನುವಾರ ಹನ್ನೆರಡನೆಯ ಕಾದಂಬರಿ. ರೈಲಿನಲ್ಲಿ ನಾನೇ ಸಲಹೆ ಕೊಟ್ಟೆ: "ಆ ಹುಡುಗಿ ದೆವ್ವವಾಗಿ ಬಂದು ಆರೂ ಜನರ ಕುತ್ತಿಗೆ ಹಿಸುಕಲಿ! ಸೇಡು ಅಂದರೆ ಹಾಗಿರಬೇಕು!"

"ಆರ್ ಜನ ಯಾಕೆ? ಒಬ್ಳು ಸಾಕು," ಎಂದರು ಅತ್ತೆ, ಕಿಟಕಿಯಾಚೆ ನೋಡುತ್ತ. "ಟೀಚರ್ ಹತ್ರ ಸಂಘದ ಗುಟ್ಟು ಬಾಯ್ಬಿಟ್ಟೋಳು ನಾನು. ಹೆದ್ರಿ, ತಪ್ಪನ್ನ ಆ ಹುಡ್ಗಿ ಮೇಲೆ ಹಾಕ್ಬಿಟ್ಟೆ. ಅವಳ ಬಿಲ್ಲೆ ಕಿತ್ತೋಳೂ ನಾನೇ. ಹದಿನೈದ್ ದಿನಕ್ಕೆ ಸ್ಕೂಲೇ ಬಿಟ್ಳು ಕಣೇ."

ಬಂಗಾರಪೇಟೆ ಬಂತು. ಅತ್ತೆ ಸೆರಗಿನ ಗಂಟು ಬಿಚ್ಚಿ ತುಕ್ಕು ಹಿಡಿದ ಒಂದು ಬಿಲ್ಲೆ ತೆಗೆದರು. ಇಳಿದೇಬಿಟ್ಟರು! ನಾನೂ ಹಿಂದೆಯೇ ಇಳಿದೆ. ಹೂವಿನ ಹೆಂಗಸಿನ ಮುಂದೆ ಕುಕ್ಕರಿಸಿ ಕೂತು, ಬುಟ್ಟಿಯಲ್ಲಿ ಅದನ್ನಿಟ್ಟು, "ತಪ್ಪಾಯ್ತು ಕಣೇ. ಬಾಯ್ಬಿಟ್ಟಿದ್ದು ನಾನೇ," ಎಂದರು.

ಆಕೆ ಹೂ ಕಟ್ಟುವುದನ್ನು ನಿಲ್ಲಿಸಿದರು. ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿದರು.

"ನಂಗ್ ಆವತ್ತೇ ಗೊತ್ತಿತ್ತು. ಭಾನ್ವಾರ ಭಾನ್ವಾರ ಕಿಟ್ಕೀಲಿ ನಿನ್ನ ನೋಡ್ತಾನೂ ಇದ್ದೆ. ನೀನು ನನ್ನ ಕಾಣ್ದಂಗೆ ಮಾಡ್ದ್ಯಲ್ಲ, ನಾನೂ ಕಾಣ್ದಂಗೇ ಇದ್ದೆ. ನಾನು ಯಾವಾಗ್ಲೋ ಮೇಲಕ್ ಬಂದೆ ಕಣೇ. ಕೆಳಗೇ ಉಳ್ಕೊಂಡೋಳು ನೀನು. ಸಾಕು, ಬಾ ಮೇಲಕ್ಕೆ."

ಹಾಗೆಂದು ಕಟ್ಟುತ್ತಿದ್ದ ಮಲ್ಲಿಗೆಯನ್ನೇ ಅತ್ತೆಯ ತಲೆಗೆ ಮುಡಿಸಿದರು. ರೈಲು ಹೊರಟುಹೋಯಿತು. ಅತ್ತೆ ತಿರುಗಿಯೂ ನೋಡಲಿಲ್ಲ, ಗೆಳತಿಯ ಕೈ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನಗೂ ಅಳು ಬಂತು. ಕಣ್ಣೊರೆಸಿಕೊಂಡು ಹೋಗಿ ಮೂರು ಟೀ ಹೇಳಿದೆ.